ಹೊಡೆಯುವ ಮುಂಚಿನ ಉಸಿರು

ಏರ್ಕಾಡ್
೧೨-೮-೧೯೯೬

ಮಾಧವರಾಯರಿಗೆ, ನಿಮ್ಮ ಗಾಲ್ಫ್ ಚೀಲ ಹೊರುವ ಜಡೆಯಪ್ಪನ ನಮಸ್ಕಾರಗಳು.

ಎರಡು ವರ್ಷದ ಹಿಂದೆ ಚೆಂಡಿನ ಮುಂದೆ ನಿಂತರೆ ನಿಮ್ಮ ಕೈ ನಡುಗುತ್ತಿತ್ತು. ನಮ್ಮೂರು ಕೊಳತ್ತೂರಿನಲ್ಲಿ ಮೀನಿಗೆ ಬಲೆ ಬೀಸುವಾಗ ನನ್ನ ಅಪ್ಪ ಹೇಳಿಕೊಟ್ಟಿದ್ದನ್ನು ಆಗ ನಿಮಗೆ ಹೇಳಿದೆ. "ಚೆಂಡಿನ ಇಂದೆ ನಿಂತ್ಕಳಿ ಸಾಮಿ. ಬೀಳಬೇಕಾದ ಜಾಗ ಒಂದನ್ನೇ ನೋಡಿ. ಉಸಿರು ಪೂರಾ ಬಿಟ್ಟು ಆಮೇಲೆ ಒಡೀರಿ." ಒಂದು ಮಳೆಗಾಲವಿಡೀ ಪ್ರತಿ ಹೊಡೆತಕ್ಕೂ ನಾವಿಬ್ಬರು ಅದನ್ನೇ ಅಭ್ಯಾಸ ಮಾಡಿದೆವು. ನಡುಕ ನಿಂತಿತು. ಈ ವರ್ಷ ಕ್ಲಬ್ಬಿನ ಪಂದ್ಯದಲ್ಲಿ ನಿಮಗೆ ಕಪ್ಪೂ ಬಂತು.

ಕಪ್ ಹಿಡಿದುಕೊಂಡು ನೀವು, ಇದನ್ನೆಲ್ಲ ಒಂದು ಇಂಗ್ಲಿಷ್ ಪುಸ್ತಕ ಓದಿ ಕಲಿತೆ ಎಂದಿರಿ. ನಾನು ಚೀಲ ಹೊತ್ತು ಅಲ್ಲೇ ನಿಂತಿದ್ದೆ. ದೊಡ್ಡವರ ಮಾತು ಎಂದುಕೊಂಡೆ.

ನಿನ್ನೆ ಚೀಲ ಹೊರುವವರಿಗೆಂದೇ ಪಂದ್ಯ ಇತ್ತಲ್ಲ, ಅದರಲ್ಲಿ ನಾನು ಚೆಂಡಿನ ಹಿಂದೆ ನಿಂತು ಉಸಿರು ಬಿಟ್ಟೆ. ಕ್ಲಬ್ಬಿನ ಸೆಕ್ರೆಟರಿ, "ಪಾರುಂಗ, ಇಲ್ಲಿ ನೋಡಿ, ರಾಯರನ್ನ ನೋಡಿ ಕಾಪಿ ಹೊಡೀತಾನೆ" ಎಂದರು. ಎಲ್ಲರೂ ನಕ್ಕರು. ತಿರುಗಿ ನಿಮ್ಮ ಮುಖ ನೋಡಿದೆ. ನೀವೂ ನಗುತ್ತಿದ್ದಿರಿ. ನನ್ನ ಚೆಂಡು ಪೊದೆಗೆ ಹೋಯಿತು.

ನಾಳೆಯಿಂದ ನಾನು ಬರುವುದಿಲ್ಲ. ಚೀಲ ವಾಚ್‌ಮನ್ ಹತ್ತಿರ ಇದೆ. ಕೈಗವಸು ಒದ್ದೆಯಾಗಿದೆ, ಬಿಸಿಲಿಗೆ ಹಾಕಿಸಿ. ನೀವು ಉಸಿರು ಬಿಡುವಾಗ ಪಕ್ಕದಲ್ಲಿ ಮಾತಾಡಬಾರದೆಂದು ಹೊಸಬನಿಗೆ ಮೊದಲೇ ಹೇಳಿಡಿ.

ನನಗೆ ಅಕ್ಷರ ಬರುವುದಿಲ್ಲ. ಈ ಕಾಗದ ಬರೆದುಕೊಟ್ಟವಳು ನನ್ನ ತಂಗಿಯ ಮಗಳು ಶಶಿಕಲಾ. ಮಾತು ನನ್ನದು.

ಇತಿ,
ಜಡೆಯಪ್ಪ