ಸೂರ್ಯನಿಗೆ ಮೀಸೆ

ಜೂನ್ 16
ಬನಹಟ್ಟಿಯ ಕಿರಾಣಿ ಅಂಗಡಿ ಬೋರ್ಡು ಬರೆದು ಮುಗಿಸಿದೆ. ಮನೆಗೆ ಬಂದರೆ ತಂಗಿ ತಾರವ್ವ ಅಳುತ್ತಿದ್ದಳು. ಅವಳ ಮಗಳು ಮಧುಮತಿಗೆ ಹುಟ್ಟಿನಿಂದ ಅಪರೂಪದ ರೋಗ. ಬಿಸಿಲು ತಾಗಿದರೆ ಚರ್ಮ ಸುಡುತ್ತದೆ, ಬೊಬ್ಬೆ ಏಳುತ್ತವೆ. ಹೊರಬಿದ್ದರೆ ಮುಖಕ್ಕೆ ಪರದೆ, ಕೈಗೆ ಗ್ಲೌಸ್. ಇಂದು ಕ್ಲಾಸಿನವರು "ದೆವ್ವ ಬಂತು" ಎಂದು ಬೆಂಚು ಬಿಟ್ಟು ಓಡಿದರಂತೆ. ಹೆಡ್ಮಾಸ್ತರ್ ನಂದಕಿಶೋರ ಹೇಳಿದ್ದು— "ಮನ್ಯಾಗ ಇರಲಿ ಬಿಡ್ರಿ. ಉಳದ ಹುಡುಗ್ರು ಅಂಜತಾವ."
ಮಹಾಪಂಡಿತ! ತಲೆಯೊಳಗಿದ್ದದ್ದೆಲ್ಲ ಮೀಸೆಗೆ ಇಳಿದಿದೆ.

ಜೂನ್ 18
ಮಕ್ಕಳಿಗೆ ರೋಗ ತಿಳಿಸಲು ಆಸ್ಪತ್ರೆಯಲ್ಲೊಂದು ಕಾಮಿಕ್ಸ್ ಕೊಟ್ಟಿದ್ದರು. ಓದಿದೆ. ಹುಡುಗಿ ಸ್ವಿಮಿಂಗ್ ಪೂಲ್ ಬದಿ ಕುಳಿತು ನಿಟ್ಟುಸಿರು ಬಿಡುತ್ತಾಳೆ. ಇಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲಬೇಕು... ಬರೆದವನು ಮಕ್ಕಳನ್ನು ಫೋಟೋದಲ್ಲಿ ನೋಡಿರಬೇಕು.
ನಾನೇ ಬರೆಯುತ್ತೇನೆ. ಕ್ಲಾಸಿನಲ್ಲಿ ತೋರಿಸಲು ಹೆಡ್ಮಾಸ್ತರ್ ಒಪ್ಪಿದ.

ಜೂನ್ 21
ಸೂರ್ಯನೇ ಖಳನಾಯಕ. ಅವನಿಗೆ ಹೆಡ್ಮಾಸ್ತರನ ಮೀಸೆ ಇಟ್ಟೆ. ಬರೆಯುತ್ತ ನಾನೇ ಬಿದ್ದು ಬಿದ್ದು ನಕ್ಕೆ.

ಜೂನ್ 23
"ಸರ್ ಮೀಸಿ! ಸರ್ ಮೀಸಿ!" ಕ್ಲಾಸೆಲ್ಲ ಕೂಗಿತು. ರೋಗದ ಮಾತು ಯಾರ ಕಿವಿಗೂ ಬೀಳಲಿಲ್ಲ. ಹೆಡ್ಮಾಸ್ತರ್ ಕಾಮಿಕ್ಸ್ ಮಡಚಿ ಕೈಗಿಟ್ಟ. "ನಾಳಿಂದ ಹುಡಿಗೀನ ಕಳಸಬ್ಯಾಡ್ರಿ."
ದಾರಿಯಲ್ಲಿ ಮಧು ಕೇಳಿದಳು—
"ಮಾಮಾ, ಇದರಾಗ ನಾ ಎಲ್ಲಿ ಅದೀನಿ?"
"ಅಲ್ಲಿ... ಮೂಲಿಯಾಗ."
"ಅದು ಅರಿಬಿ ಗಂಟು."
ಪುಟ ತೆರೆದು ನೋಡಿದೆ— ನಿಜ, ಬಟ್ಟೆಯ ಗಂಟೇ.

ಜುಲೈ 4
ಹೊಸ ಕಾಮಿಕ್ಸ್. ಈಗ ಮಧು ಹೇಳುತ್ತಾಳೆ, ನಾನು ಬರೆಯುತ್ತೇನೆ. ಸರ್ ಬೈಯುವಾಗ ಪರದೆಯೊಳಗೆ ನಾಲಿಗೆ ಹೊರಗೆ ಹಾಕುತ್ತಾಳಂತೆ. ಯಾರಿಗೂ ಕಾಣುವುದಿಲ್ಲ! ಅದನ್ನೂ ಬರೆದೆ. ಕಿಟಕಿಗೆ ದಟ್ಟ ಬಟ್ಟೆ ಕಟ್ಟಿದರೆ ಕ್ಲಾಸಿನೊಳಗೆ ಪರದೆ ತೆಗೆದು ಕೂರಬಹುದು— ಅದು ಕೊನೆಯ ಪುಟ.
ಹೋಗಿ ಹೆಡ್ಮಾಸ್ತರನ ಕ್ಷಮೆ ಕೇಳಿದೆ. ಬೇವು ಅಗಿದಂತಾಯಿತು.
"ಸೂರ್ಯಾಗ ಮೀಸಿ ಇರಬಾರದು," ಅಂದ. ಅಷ್ಟೇ ಅವನ ಚಿಂತೆ.

ಜುಲೈ 7
ಮಧು ಮತ್ತೆ ಶಾಲೆಗೆ ಹೋದಳು; ಹೊಸ ಕಾಮಿಕ್ಸನ್ನು ಕ್ಲಾಸಿನವರೆಲ್ಲ ಓದಿದರು. ಪಕ್ಕದ ಬೆಂಚಿನ ರಸಿಕಾ ಮೆಲ್ಲಗೆ ಹತ್ತಿರ ಸರಿದಳು.
"ಮಧೂ, ನಾಲಿಗಿ ಈಗೂ ಹೊರಗ ಐತೇನ?"
"ಹೇಳೂದಿಲ್ಲ ಹೋಗ."

ಜುಲೈ 8
ಎಲ್ಲ ಮಗ್ಗದ ಮನೆಯ ಮಕ್ಕಳು. ಕಿಟಕಿಗೆಂದು ಹಳೆ ಸೀರೆ ತಂದಿದ್ದರು. ಅಂಗಳದಲ್ಲಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು, ಮನೆಯಲ್ಲಿ ದೊಡ್ಡವರು ನೋಡುವ ಹಾಗೆ. ದಟ್ಟವಾದವು ಕಿಟಕಿಗೆ. ತೆಳುವಾದವನ್ನು ಮುಖಕ್ಕೆ ಸುತ್ತಿಕೊಂಡು ಬೆಂಚಿನಲ್ಲಿ ಕುಳಿತುಬಿಟ್ಟರು. ಮಧು ಗ್ಲೌಸ್ ತೆಗೆದಿದ್ದಳು, ಪರದೆ ಇನ್ನೂ ತೆಗೆದಿರಲಿಲ್ಲ.
ಹೆಡ್ಮಾಸ್ತರ್ ಬಂದು ಬೈದ. ಒಂದು ಮುಖವೂ ಕಾಣದು. ಒಳಗೆ ಎಷ್ಟು ನಾಲಿಗೆ ಹೊರಗಿದ್ದವೋ!
"ಮಧುಮತಿ ಯಾರಲೇ ಇದರಾಗ?"
ಕ್ಲಾಸೆಲ್ಲ ಕೈ ಎತ್ತಿತು. ಬಾಗಿಲಲ್ಲಿ ನಿಂತ ನನಗೂ ಅವಳು ಯಾರೆಂದು ಗೊತ್ತಾಗಲಿಲ್ಲ.