ಎಳೆದು ಕತ್ತರಿಸಿದ ಹೊಲಿಗೆ

೧೪ ಜೂನ್, ಭಾನುವಾರ

ನನ್ನ ನಿಂಬೆಹುಳಿ ತಂಗಿಗೆ ಅಕ್ಕನ ಆಶೀರ್ವಾದಗಳು.

ನಾಲ್ಕು ವರ್ಷ ಒಂದು ಸಾಲೂ ಬರೆಯದವಳು ಇವತ್ತು ಪೆನ್ನು ಹಿಡಿದಿದೀನಿ. ಬೈಕೊಂಡೇ ಓದು, ಆದರೆ ಓದು. ಮಕ್ಕಳು ಹೇಗಿದಾರೆ? ದೊಡ್ಡವಳು ಈಗ ನಿನ್ನಷ್ಟೇ ಎತ್ತರ ಆಗಿರಬೇಕು.

ನನ್ನದು ಬಾಯಿಯ ಸುದ್ದಿ. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಹೋಗಿದ್ದು ನಿನಗೆ ಗೊತ್ತಿಲ್ಲ. ನಲವತ್ತು ವರ್ಷ ದಾರ ಕಚ್ಚಿ ಕಚ್ಚಿ ಬಟ್ಟೆ ಹೊಲಿದದ್ದಕ್ಕೆ ಸಿಕ್ಕ ಬಹುಮಾನ. ಹೊಸ ಹಲ್ಲು ಕೂರಿಸಿಕೊಳ್ಳೋಣ ಅಂತ ಈ ವರ್ಷ ಹೋದರೆ ಡಾಕ್ಟರು, "ಇಷ್ಟು ದಿನ ಎಲ್ಲಿದ್ರಮ್ಮಾ? ಹಲ್ಲಿಲ್ಲದ ಕಡೆ ಮೂಳೆ ಕರಗುತ್ತೆ. ನಿಮ್ಮ ದವಡೆ ಅಲ್ಲಿ ತೀರಾ ತೆಳ್ಳಗಾಗಿದೆ, ಹಲ್ಲು ಕೂರಿಸೋ ಸ್ಕ್ರೂ ನಿಲ್ಲಲ್ಲ. ಮೊದಲು ಮೂಳೆಪುಡಿ ತುಂಬಿ ದಪ್ಪ ಮಾಡಬೇಕು" ಅಂದರು. ಒಸಡು ಕೊಯ್ದು, ಪುಡಿ ತುಂಬಿ, ಮೇಲೊಂದು ಪೊರೆ ಹೊದಿಸಿ ಹೊಲಿದರು. ಹೊಲಿಗೆ ಪರವಾಗಿಲ್ಲ. ನನ್ನ ಹತ್ತಿರ ಒಂದು ತಿಂಗಳು ಕಲಿತರೆ ಇನ್ನೂ ಚೆನ್ನಾಗಿ ಹಾಕ್ತಾರೆ.

ಮೂರನೇ ದಿನ ಕನ್ನಡೀಲಿ ನೋಡ್ತೀನಿ, ದಾರದ ತುದಿ ಜೋತಾಡ್ತಿದೆ. ಬಿಟ್ಟ ದಾರ ಕಂಡರೆ ನನ್ನ ಕೈ ಸುಮ್ಮನಿರಲ್ಲ, ನಿನಗೆ ಗೊತ್ತು. ಅಂಗಿಯ ಕಾಜಾಕ್ಕೆ ಮಾಡೋ ಹಾಗೆ ಬಿಗಿಯಾಗಿ ಎಳೆದು ಕತ್ತರಿಸಿಬಿಟ್ಟೆ. ಗಂಟು ಬಿಚ್ಚಿತು. ಪುಡಿಯೆಲ್ಲ ಉಪ್ಪಿನ ಹರಳಿನ ಹಾಗೆ ನಾಲಿಗೆ ಮೇಲೆ ಬಂತು. ಮಾಡಿದ್ದುಣ್ಣೋ ಮಹರಾಯ. "ಬೇಡ ಕಣೇ, ಮುಟ್ಟಬೇಡ" ಅನ್ನೋಕೆ ಮನೇಲಿ ಒಬ್ಬರಾದರೂ ಇರಬೇಕಿತ್ತು ಅನ್ನಿಸಿ ನೆಲದ ಮೇಲೆ ಕೂತು ಅತ್ತೆ.

ಡಾಕ್ಟರು ಬೈಯಲಿಲ್ಲ. ಗಾಯ ಮಾಗಲಿ ಅಂತ ಮೂರು ತಿಂಗಳು ಬಿಟ್ಟು, ಮೊನ್ನೆ ಸೋಮವಾರ ಎರಡನೇ ಸಲ ಮಾಡಿದರು. "ಈ ಸಲ ಒಂದು ವಾರ ಜೊತೇಲಿ ಯಾರಾದರೂ ಇರಲೇಬೇಕು" ಅಂದರು. ತಂಗಿ ಬರ್ತಾಳೆ ಅಂತ ಹೇಳಿ ಫಾರಂನಲ್ಲಿ ನಿನ್ನ ನಂಬರ್ ಬರೆದೆ. ಮನೆಗೆ ಬಂದವಳೇ ಇದ್ದಬದ್ದ ಕತ್ತರಿಗಳನ್ನೆಲ್ಲ ಪಕ್ಕದ ಇಸ್ತ್ರಿ ಅಂಗಡಿಯವರ ಕೈಗೆ ಕೊಟ್ಟು, ನಾನೇ ಬಂದು ಕೇಳಿದರೂ ಕೊಡಬೇಡಿ ಅಂದಿದೀನಿ. ಆರು ದಿನದಿಂದ ತಣ್ಣನೆ ಹಾಲು ಕುಡ್ಕೊಂಡು ಹೊಲಿಗೆ ಮೆಷಿನ್ ಮುಂದೆ ಸುಮ್ಮನೆ ಕೂತಿರ್ತೀನಿ. ಜಾಸ್ತಿ ಮಾತಾಡಬೇಡಿ ಅಂದಿದಾರೆ. ಯಾರ ಹತ್ತಿರ ಮಾತಾಡಲಿ, ಹೇಳು?

ಮೂಳೆ ಕೂಡಿಕೊಂಡರೆ ಇನ್ನಾರು ತಿಂಗಳಿಗೆ ಸ್ಕ್ರೂ ಹಾಕ್ತಾರಂತೆ. ನೀನು, ಮಕ್ಕಳು ನೂರು ಕಾಲ ತಣ್ಣಗಿರಿ.

ನಿನ್ನ ಅಕ್ಕ

ಬರೆಯದೇ ಬಿಡೋಣ ಅಂದುಕೊಂಡಿದ್ದೆ, ಆಗಲಿಲ್ಲ. ಸೋಮವಾರ ನರ್ಸ್ ಫೋನ್ ಮಾಡಿದಾಗ ನಾನು ಅವಳ ಪಕ್ಕದಲ್ಲೇ ಇದ್ದೆ. "ನನಗೆ ಅಕ್ಕ ಅಂತ ಯಾರೂ ಇಲ್ಲ" ಅಂದೆಯಲ್ಲ, ಅದು ನನಗೂ ಕೇಳಿಸ್ತು. ನಂಬರ್ ತಪ್ಪಿರಬೇಕು, ತಂಗಿ ಸಂಜೆ ಬರ್ತಾಳೆ ಅಂತ ನರ್ಸ್‌ಗೆ ಸುಳ್ಳು ಹೇಳಿದೆ. ನಿನ್ನ ಗಂಡ ತೀರಿಕೊಂಡಾಗ ನನಗೆ ಜ್ವರ ಅಂತ ಹೇಳಿಕಳಿಸಿದ್ದೂ ಸುಳ್ಳೇ. ಹಲ್ಲು ಹೋಗಿ ಆಗ ನಾಲ್ಕೇ ದಿನ. ಅಷ್ಟು ಜನರ ಮುಂದೆ ಬೊಚ್ಚುಬಾಯಿ ಬಿಟ್ಟು ಅಳೋಕೆ ನಾಚಿಕೆಯಾಯ್ತು, ಅದಕ್ಕೇ ಬರಲಿಲ್ಲ. ಅಷ್ಟೇ ಕಣೇ ಕಾರಣ. ಅವತ್ತಿನಿಂದ ನೀನು ನನ್ನ ಫೋನ್ ಎತ್ತಿಲ್ಲ. ಆರು ತಿಂಗಳಿಗೆ ಮತ್ತೆ ಅದೇ ಫಾರಂ ತುಂಬಬೇಕು. ನಿನ್ನ ನಂಬರ್ ಬರೆಯಲಾ?