ಎರಡು ತಾಟು

ನಾಗೂ,
ನೀ ಗಿರಣಿಗೆ ಹೋಗಿದ್ದಿ, ಹಿರೇವಡ್ಡಟ್ಟಿ ಬಸ್ಸಿಗೆ ಹೊತ್ತಾತು, ಹೊಂಟೀನಿ. ಗುಳಿಗಿ ತಗೊಂಡೀನಿ, ಫೋನ್ ಮಾಡಿ ಕೇಳಬ್ಯಾಡ.

ರೊಟ್ಟಿ ಹಾಲಾಗ ನೆನಸೋದು ಇವತ್ತಿಗೆ ಬಂದ್ ಮಾಡು. ನಿನ್ನೆ ಗದಗಿನ ಡಾಕ್ಟರು ನಿನ್ನ ಮುಂದನ ಹೇಳ್ಯಾರ: "ಅನ್ನನಾಳದಾಗ ಏನೂ ಅಡ್ಡ ಇಲ್ಲ. ಇದು ಆತಂಕದ ಕಾಯಿಲೆ. ಮನಸ್ಸು ಅಂಜಿದ್ರ ನಾಳ ಬಿಗೀತೈತಿ." ಇನ್ನ ದೃಷ್ಟಿ ತಗಿಯೋದೂ ಬ್ಯಾಡ.

ಖರೆ ಹೇಳತೀನಿ, ಸಿಟ್ಟಾಗಬ್ಯಾಡ. ನೀ ಎದುರಿಗೆ ಕುಂತು ನನ್ನ ಗಂಟಲಾನ ನೋಡತೀಯಲ್ಲ, ತುತ್ತು ಅಲ್ಲೇ ನಿಂತುಬಿಡ್ತೈತಿ. ಗಂಡ ಉಂಡಮ್ಯಾಲೆ ಉಣ್ಣೋ ಪದ್ಧತಿ ಸಾಕು. ನನ್ನ ಕಾಯ್ಕೋತ ಕುಂತು, ಆರು ತಿಂಗಳಿಂದ ನೀ ಒಂದು ಬಿಸಿ ರೊಟ್ಟಿ ಉಂಡಿಲ್ಲ.

ಸಂಜಿಮುಂದ ಎರಡು ತಾಟು ಹಚ್ಚು. ಮೊದಲನೇ ತುತ್ತು ನೀ ತಿನ್ನು. ಈ ಸಲ ನಾ ನಿನ್ನ ನೋಡತೀನಿ.

ಸುಭಾಸ